ಸೋಪು ಮುಟ್ಟಿಸಬಾರದ ಗಾಜು

ಮಂಡ್ಯದಲ್ಲಿ ನನಗೆ ಸಿಕ್ಕ ಲ್ಯಾಬು ಅದಕ್ಕೂ ಮೊದಲು ಕಾಲೇಜಿನ ಮುರಿದ ಬೆಂಚುಗಳನ್ನು ಪೇರಿಸಿಡುತ್ತಿದ್ದ ಕೋಣೆ. ಇರುವುದೊಂದೇ ಕಿಟಕಿ, ಅದಕ್ಕೂ ಕಪ್ಪು ಬಟ್ಟೆ ಹೊಡೆಸಿದ್ದೇನೆ. ನಡುವೆ ಒಂದು ಭಾರದ ಮೇಜು. ಅದರ ಕಾಲುಗಳಲ್ಲಿ ಗಾಳಿ ತುಂಬಿ ತೇಲಿಸಿರುತ್ತೇವೆ. ರಸ್ತೆಯಲ್ಲಿ ಕಬ್ಬಿನ ಲಾರಿ ಹೋದರೂ ಅದು ಅಲುಗಬಾರದು. ಮೇಲೆ ಮೈಕ್ರೋಸ್ಕೋಪು, ಕೂದಲಿಗಿಂತ ಸಣ್ಣ ಮೊನೆಯ ಗಾಜಿನ ನಳಿಕೆಗಳು, ಸುತ್ತ ತಂತಿಬಲೆಯ ಪಂಜರ. ಇಷ್ಟನ್ನೂ ಸೇರಿಸಿ ನಾವು ರಿಗ್ ಅನ್ನುತ್ತೇವೆ.

ಆ ರಿಗ್ ನನ್ನದಾಗಿರಲಿಲ್ಲ. ಬೆಂಗಳೂರಿನಲ್ಲಿ ನನಗೆ ಪಿಎಚ್‌.ಡಿ. ಮಾಡಿಸಿದ ಗೈಡ್ ತಮ್ಮ ಲ್ಯಾಬಿನ ಹಳೆಯದನ್ನು ಎರವಲು ಕೊಟ್ಟಿದ್ದರು. ಟೆಂಪೋಗೆ ಹತ್ತಿಸುವಾಗ ಒಂದು ಮಾತು ಹೇಳಿದ್ದರು: "ದೀಪಾವಳಿವರೆಗೂ ನೋಡಮ್ಮ. ಅಷ್ಟರಲ್ಲಿ ಒಂದು ಒಳ್ಳೇ ರೆಕಾರ್ಡಿಂಗ್ ತೋರಿಸಿದ್ರೆ ಅಲ್ಲೇ ಇರ್ಲಿ. ಇಲ್ದಿದ್ರೆ ವಾಪಸ್ ತರಿಸ್ಕೊತೀನಿ, ಇಲ್ಲಿ ಹುಡುಗ್ರು ಕಾಯ್ತಿದಾರೆ." ಅನ್ಯಾಯದ ಮಾತೇನಲ್ಲ. ಆ ರಿಗ್ ಹೋದರೆ ನಾನು ಪಾಠ ಮಾಡುವ ಮೇಷ್ಟ್ರಾಗಿ ಉಳಿಯುತ್ತೇನೆ, ಅಷ್ಟೇ. ಪಾಠ ಮಾಡುವುದು ಕೀಳಲ್ಲ. ಆದರೆ ನಾನು ಅದಕ್ಕೋಸ್ಕರ ಇಷ್ಟು ದೂರ ಬಂದವಳಲ್ಲ.

ಎಷ್ಟು ದೂರ ಅಂದರೆ, ಮಳವಳ್ಳಿ ತಾಲ್ಲೂಕಿನ ನಮ್ಮೂರಿನಿಂದ. ಅಪ್ಪ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದವರು. ಅವ್ವ ಕಳೆ ಕೀಳಲು ಹೋಗುತ್ತಿದ್ದಳು. ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮುಟ್ಟಿದವಳು ನಾನು. ಇದನ್ನು ಹೇಳುವಾಗ ತಲೆ ತಗ್ಗಿಸಬೇಕು, ವಿನಯ ತೋರಿಸಬೇಕು ಅಂತ ಓದಿದ ಮನೆತನದವರು ಹೇಳುತ್ತಾರೆ. ಅವರಿಗೆ ಅದು ಸುಲಭ. ಕನ್ನಡ ಮೀಡಿಯಂ ಶಾಲೆ, ಸರ್ಕಾರಿ ಹಾಸ್ಟೆಲ್ಲು, ಮದ್ದೂರಿನ ಕಾಲೇಜು, ಆಮೇಲೆ ಮೈಸೂರು, ಆಮೇಲೆ ಬೆಂಗಳೂರು. ಒಂದೊಂದು ಊರಿನಲ್ಲೂ ಹೊಸದಾಗಿ ದಡ್ಡಿಯಾಗಿ, ಮತ್ತೆ ಮೊದಲಿನಿಂದ ಎದ್ದು ಬಂದವಳು ನಾನು. ಹಾಗಾಗಿ ತಲೆ ಎತ್ತಿಕೊಂಡೇ ಹೇಳುತ್ತೇನೆ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡಬೇಕು. ಇಲಿಯ ಮಿದುಳಿನಲ್ಲಿ ಹಿಪೊಕ್ಯಾಂಪಸ್ ಅಂತ ಒಂದು ಭಾಗವಿದೆ. ಅದನ್ನು ತೆಳ್ಳಗೆ ಸೀಳಿ, ಆ ಹೋಳನ್ನು ಹದವಾದ ಉಪ್ಪುನೀರಿನಲ್ಲಿ ಆಮ್ಲಜನಕ ಕೊಟ್ಟು ಇಟ್ಟರೆ ಕೆಲವು ಗಂಟೆ ಬದುಕಿರುತ್ತದೆ. ನಾವು ಅದಕ್ಕೆ ಸ್ಲೈಸ್ ಅನ್ನುತ್ತೇವೆ. ಅದರೊಳಗೆ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಜಾಗಗಳಿವೆ, ಅವೇ ಸಿನಾಪ್ಸುಗಳು. ಅಲ್ಲಿ ಜೋರಾಗಿ ಒಂದು ಸಂಕೇತ ಕೊಟ್ಟರೆ ಆ ಸಂಪರ್ಕ ಮೊದಲಿಗಿಂತ ಬಲವಾಗುತ್ತದೆ. ಬಲವಾಗಿ, ಹಾಗೇ ನಿಲ್ಲುತ್ತದೆ. ಕಲಿಯುವುದು, ನೆನಪಿಡುವುದು, ಇವುಗಳ ಬುಡದಲ್ಲಿ ಇದೇ ಇದೆ ಎಂದು ನಮ್ಮ ವಿದ್ಯೆಯವರ ನಂಬಿಕೆ.

ಹೇಗೆ ಬಲವಾಗುತ್ತದೆ ಅನ್ನುವುದೇ ನನ್ನ ಪ್ರಶ್ನೆ. ಸುದ್ದಿ ಪಡೆಯುವ ಕೋಶದ ಮೇಲೆ ಒಂದು ಬಗೆಯ ತೂಬು ಇರುತ್ತದೆ. ಅದಕ್ಕೆ ಮೆಗ್ನೀಸಿಯಂ ಬಿರಡೆಯ ಹಾಗೆ ಕೂತಿರುತ್ತದೆ. ಆ ಕಡೆಯಿಂದ ಸುದ್ದಿ ಬಂದಷ್ಟಕ್ಕೇ ಬಿರಡೆ ಏಳುವುದಿಲ್ಲ. ಅದೇ ಹೊತ್ತಿಗೆ ಈ ಕಡೆಯ ಕೋಶವೂ ಎಚ್ಚರವಾಗಿರಬೇಕು. ಎರಡೂ ಕೂಡಿ ಬಂದರೆ ತೂಬು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ನುಗ್ಗಿದ್ದು ಒಂದು ಪ್ರೋಟೀನನ್ನು ಎಬ್ಬಿಸುತ್ತದೆ. ಲ್ಯಾಬಿನಲ್ಲಿ ಅದನ್ನು ಕ್ಯಾಮ್ ಕೈನೇಸ್ ಅನ್ನುತ್ತೇವೆ. ಉಂಗುರದಂತೆ ಕೂತಿರುವ ಪ್ರೋಟೀನು. ಅದರ ಒಂದು ತುಂಡು ಎದ್ದರೆ ಪಕ್ಕದ್ದನ್ನೂ ಎಬ್ಬಿಸುತ್ತದೆ. ಹೀಗಾಗಿ ಕ್ಯಾಲ್ಸಿಯಂ ಖಾಲಿಯಾದ ಮೇಲೂ ಉಂಗುರ ಸ್ವಲ್ಪ ಹೊತ್ತು ಎಚ್ಚರವಾಗಿಯೇ ಇರುತ್ತದೆ. ಆ ಎಚ್ಚರ ಎಷ್ಟು ಹೊತ್ತು, ಅದಕ್ಕೂ ಸಂಪರ್ಕ ಬಲವಾಗಿ ನಿಲ್ಲುವುದಕ್ಕೂ ಏನು ಸಂಬಂಧ, ಇದರ ಹಿಂದೆ ಬಿದ್ದು ನನ್ನ ವಯಸ್ಸಿನ ಒಳ್ಳೆಯ ಭಾಗ ಕಳೆದಿದೆ. ವಿಷಾದದಿಂದ ಹೇಳುತ್ತಿಲ್ಲ.

ಬೆಂಗಳೂರಿನಲ್ಲಿ ಇದು ನನ್ನ ಕೈಗೆ ಪಳಗಿದ ಕೆಲಸವಾಗಿತ್ತು. ಹೊಸಬರು ಸ್ಲೈಸ್ ಸಾಯಿಸಿಕೊಂಡು ಅಳುಮೋರೆ ಹಾಕಿಕೊಂಡು ಬಂದರೆ ಗೈಡ್ ನನ್ನ ಕಡೆ ಬೊಟ್ಟು ಮಾಡುತ್ತಿದ್ದರು. ಮಂಡ್ಯಕ್ಕೆ ಹೋಗುತ್ತೇನೆ ಅಂದಾಗ ಜೊತೆಯವರು ನಕ್ಕರು. ನಮ್ಮ ಕಡೆ ಹುಡುಗಿ ಈ ಕೆಲಸ ಕಣ್ಣಲ್ಲಿ ನೋಡಬೇಕಾದರೆ ಬೆಂಗಳೂರಿಗೇ ಯಾಕೆ ಬರಬೇಕು ಎಂದು ಕೇಳಿದೆ. ಉತ್ತರಕ್ಕೆ ಕಾಯದೆ ಹೊರಟೆ.

ಮಂಡ್ಯದಲ್ಲಿ ಸ್ಲೈಸ್ ನಿಲ್ಲಲಿಲ್ಲ.

ಬೆಳಿಗ್ಗೆ ಬೇಗ ಬಂದು ಸೀಳುತ್ತಿದ್ದೆ. ಮೈಕ್ರೋಸ್ಕೋಪಿನಲ್ಲಿ ಕೋಶಗಳು ಚೆನ್ನಾಗಿಯೇ ಕಾಣುತ್ತಿದ್ದವು. ಸಂಕೇತ ಕೊಟ್ಟರೆ, ಸಂಪರ್ಕದ ಬಲ ತೋರಿಸುವ ಪರದೆಯ ಮೇಲಿನ ಗೆರೆ ಏಳುತ್ತಿತ್ತು, ಒಂದು ಹೊತ್ತು ಎದೆ ತುಂಬಿ ಬರುತ್ತಿತ್ತು. ಆಮೇಲೆ ಗೆರೆ ಮೆಲ್ಲಗೆ ಜಾರಲು ಶುರು. ಸಂಕೇತ ಕೊಟ್ಟ ಕಡೆಯದು ಮಾತ್ರವಲ್ಲ, ಹೋಲಿಕೆಗೆಂದು ಕೊಡದೆ ಬಿಟ್ಟ ಕಡೆಯ ಗೆರೆಯೂ ಇಳಿಯುತ್ತಿತ್ತು. ಮಧ್ಯಾಹ್ನದೊಳಗೆ ಎರಡೂ ನೆಲ ಹಿಡಿದಿರುತ್ತಿದ್ದವು. ಅಂದರೆ ತೊಂದರೆ ನನ್ನ ಪ್ರಶ್ನೆಯಲ್ಲಿಲ್ಲ. ಸ್ಲೈಸೇ ಒಳಗೊಳಗೆ ಸಾಯುತ್ತಿದೆ. ಯಾಕೆ ಸಾಯುತ್ತಿದೆ?

ಮೊದಲು ನೀರನ್ನು ಅನುಮಾನಿಸಿದೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಸುಣ್ಣ ಜಾಸ್ತಿ, ಬಿಂದಿಗೆಯ ತಳದಲ್ಲಿ ಬಿಳಿ ಕಟ್ಟುವುದನ್ನು ನೋಡಿಯೇ ಬೆಳೆದವಳು ನಾನು. ಸುಣ್ಣ ಅಂದರೆ ಕ್ಯಾಲ್ಸಿಯಂ, ಜೊತೆಗೆ ಮೆಗ್ನೀಸಿಯಂ. ಎರಡೂ ನನ್ನ ತೂಬಿನ ಲೆಕ್ಕ ಕೆಡಿಸುವಂಥವು. ಕಾಲೇಜಿನ ಡಿಸ್ಟಿಲ್ಡ್ ವಾಟರ್ ನಂಬದೆ ಮೈಸೂರಿನಿಂದ ಕ್ಯಾನುಗಳನ್ನು ತರಿಸಿದೆ. ಏನೂ ಬದಲಾಗಲಿಲ್ಲ. ಉಪ್ಪುಗಳ ಬಾಟಲಿಗಳನ್ನೆಲ್ಲ ಹೊಸದು ಮಾಡಿದೆ. ಗ್ಯಾಸ್ ಸಿಲಿಂಡರ್ ಬದಲಿಸಿದೆ. ಸೀಳುವ ಬ್ಲೇಡು ಬದಲಿಸಿದೆ. ಕರೆಂಟು ಏರಿಳಿಯುತ್ತದೆ ಅಂತ ಯುಪಿಎಸ್ ಹಾಕಿಸಿದೆ. ಇಲಿಮನೆಯಲ್ಲಿ ಸದ್ದು ಜಾಸ್ತಿ, ಇಲಿಗಳು ಹೆದರಿರಬಹುದು ಅಂತ ಪಂಜರಗಳನ್ನು ಹಿಂದಿನ ಕೋಣೆಗೆ ಸಾಗಿಸಿದೆ.

ಕೇಳಲು ಯಾರೂ ಇರಲಿಲ್ಲ. ಇದನ್ನು ಹೇಗೆ ಹೇಳಬೇಕೋ ತಿಳಿಯದು. ಕಾಲೇಜಿನಲ್ಲಿ ಜನ ಇದ್ದರು, ಒಳ್ಳೆಯವರೂ ಹೌದು, ಟೀ ಕುಡಿಯಲು ಕರೆಯುತ್ತಿದ್ದರು. ಆದರೆ "ಬೇಸ್‌ಲೈನ್ ಇಳೀತಿದೆ" ಅಂದರೆ ಮುಖದಲ್ಲಿ ಒಂದು ಗೆರೆಯಾದರೂ ಅಲುಗುವ ಮನುಷ್ಯ ಆ ಊರಿನಲ್ಲಿ ಒಬ್ಬರೂ ಇರಲಿಲ್ಲ. ಬೆಂಗಳೂರಿನಲ್ಲಾದರೆ ಕಾರಿಡಾರಿನಲ್ಲಿ ನಿಂತು ಆ ಮಾತು ಅಂದರೆ ಮೂರು ಜನ ಮೂರು ಕಾರಣ ಹೇಳುತ್ತಿದ್ದರು. ಮೂರೂ ತಪ್ಪಿರಬಹುದು, ಆದರೂ ಹೇಳುತ್ತಿದ್ದರು. ಇಲ್ಲಿ ರೆಕಾರ್ಡಿಂಗ್ ಶುರುವಾದರೆ ಬಾಗಿಲು ಹಾಕಿ ಕೂರಬೇಕು. ಎದ್ದು ಹೋಗುವಂತಿಲ್ಲ, ಮೇಜು ಮುಟ್ಟುವಂತಿಲ್ಲ. ಆಮ್ಲಜನಕದ ಗುಳ್ಳೆಗಳ ಬುಳುಬುಳು, ಪಂಪಿನ ಟಿಕ್ ಟಿಕ್, ಹೊರಗೆ ದೂರದಲ್ಲಿ ಯಾರೋ ಯಾರನ್ನೋ ಬೈಯುವ ಸದ್ದು. ಊಟದ ಡಬ್ಬಿ ಅಲ್ಲೇ ಬಿಚ್ಚುತ್ತಿದ್ದೆ. ಗೆರೆ ಇಳಿಯುವುದನ್ನು ನೋಡುತ್ತಾ ಮೊಸರನ್ನ ತಿನ್ನುತ್ತಿದ್ದೆ.

ಗೈಡ್‌ಗೆ ಫೋನು ಮಾಡಿದರೆ "ಸ್ಲೈಸ್ ಹೆಲ್ತ್ ನೋಡ್ಕೊ" ಅನ್ನುತ್ತಿದ್ದರು. ಅದು ನನಗೇ ಗೊತ್ತಿದ್ದ ಉತ್ತರ. ಅಲ್ಲಿನ ಲ್ಯಾಬಿನಲ್ಲಿದ್ದ ಹಳೆಯ ಗೆಳೆಯನೊಬ್ಬ ಒಮ್ಮೆ ಫೋನು ಕಸಿದುಕೊಂಡು, "ಏನೇ, ಮಂಡ್ಯದ ಇಲಿ ಅಂದ್ಮೇಲೆ ಜಗಮೊಂಡು. ಕಲೀ ಅಂದ್ರೆ ಕಲೀತದಾ?" ಅಂದ. ನಕ್ಕೆ. ಫೋನಿಟ್ಟ ಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ.

ಭಾನುವಾರ ಊರಿಗೆ ಹೋಗುತ್ತಿದ್ದೆ. ಅಲ್ಲಿ ಅಣ್ಣನ ಸಂಸಾರ, ಅವ್ವ. ಒಂದು ಭಾನುವಾರ ಜಗುಲಿಯ ಮೇಲೆ ಕೂತಿದ್ದಾಗ ಅಣ್ಣ ಕೇಳಿದ: "ಅಲ್ಲ ಕಣಮ್ಮಿ, ಆ ಇಲಿ ಮಿದ್ಳೊಳಗೆ ಅದೇನ್ ಹುಡುಕ್ತಿದ್ದೀಯ ಇನ್ನೂವೆ? ಸಿಗದಿದ್ರೆ ಬುಟ್ಬುಡು, ಬ್ಯಾರೆ ಎಲ್ಲಾರ ಹುಡುಕು."

"ಒಂದು ಪ್ರೋಟೀನು ಕಣಣ್ಣ."

"ಪ್ರೋಟೀನು ಬೇಕಾದ್ರೆ ಮೊಟ್ಟೆ ತಿನ್ನು."

ಅತ್ತಿಗೆ ಒಳಗಿನಿಂದ ನಕ್ಕರು. ಅವ್ವ ನಗಲಿಲ್ಲ. "ಇಲೀನ ಕುಯ್ತೀಯಲ್ಲ ಮಗ, ಆಮೇಕೆ ಏನ್ ಮಾಡ್ತೀಯ ಅದನ್ನ?" ಅಂದಳು.

"ಕವರ್‌ಗೆ ಹಾಕಿ ಕೊಡ್ತೀವಿ, ಸುಡ್ತಾರೆ."

"ಯಾರೂ ತಿನ್ನಕಿಲ್ವ?"

"ಇಲ್ಲವ್ವ."

ನಮ್ಮಲ್ಲಿ ಕುರಿ ಕೋಳಿ ಕುಯ್ಯುವುದಕ್ಕೆ ಯಾರೂ ಅಂಜುವವರಲ್ಲ. ಆದರೆ ಕುಯ್ದದ್ದು ಯಾರ ಹೊಟ್ಟೆಗಾದರೂ ಹೋಗಬೇಕು. ದಂಡಕ್ಕೆ ಜೀವ ತೆಗೆಯಬಾರದು. ಈ ಲೆಕ್ಕ ನನಗೂ ಹಾಲಿನ ಜೊತೆ ಬಂದದ್ದು. ಗೆರೆ ಜಾರದೆ ನಿಂತರೆ ಆ ಇಲಿ ದಂಡಕ್ಕೆ ಹೋಗಲಿಲ್ಲ ಅಂದುಕೊಳ್ಳುತ್ತಿದ್ದೆ. ನಿಲ್ಲದ ದಿನ ಏನಂದುಕೊಳ್ಳುವುದು? ಸಂಜೆ ಕೊನೆಯ ಬಸ್ಸು ಹಿಡಿದು ಮದ್ದೂರಿನ ಮೇಲೆ ವಾಪಸ್ ಬಂದೆ. ದಾರಿಯುದ್ದಕ್ಕೂ ಅವ್ವನ ಮುಖ ಬೇಡವೆಂದರೂ ಕಣ್ಣ ಮುಂದಿತ್ತು.

ಲ್ಯಾಬಿನೊಳಕ್ಕೆ ನನ್ನ ಬಿಟ್ಟರೆ ಬರುತ್ತಿದ್ದುದು ಒಬ್ಬರೇ, ನಮ್ಮ ಮಹಡಿ ಗುಡಿಸಿ ಒರೆಸಿ ಗಾಜಿನ ಸಾಮಾನು ತೊಳೆಯುತ್ತಿದ್ದ ಅಕ್ಕ. ನಿಡಘಟ್ಟದವರು, ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಿರಬಹುದು. ಕಾಂಟ್ರ್ಯಾಕ್ಟಿನ ಕೆಲಸ. ಮಾತು ಮಾತ್ರ ಪರ್ಮನೆಂಟು. ಬಂದ ಮೊದಲ ದಿನವೇ ಇಲಿಪಂಜರದ ಮುಂದೆ ನಿಂತು, "ಬೆಳ್ಳಗೆ ಇವೆ ಕಣಿ. ನಮ್ಮನೇವು ಕರ್ರಗೆ ಬಡ್ಕಂಡಿವೆ, ಅವುನ್ನ ಒಸಿ ಕುಯ್ದಿದ್ರೆ ಉಪಕಾರ ಆಯ್ತಿತ್ತು" ಅಂದಿದ್ದರು.

ಆ ದಿನವೇ ಅವರಿಗೆ ಒಂದು ಕಟ್ಟುನಿಟ್ಟು ಹೇಳಿದ್ದೆ. ಸ್ಲೈಸ್ ಕೂರುವ ಗಾಜಿನ ಬಟ್ಟಲು, ಅದರೊಳಗಿನ ನೈಲಾನ್ ಬಲೆ, ನೀರು ಹರಿಯುವ ಟ್ಯೂಬುಗಳು, ಇವಕ್ಕೆ ಯಾವ ಕಾರಣಕ್ಕೂ ಸೋಪು ಮುಟ್ಟಿಸಬಾರದು. ಈ ಕೆಲಸ ಮಾಡುವ ಯಾವ ಲ್ಯಾಬಿನಲ್ಲಾದರೂ ಮೊದಲು ಹೇಳಿಕೊಡುವ ಪಾಠ ಅದು. ಕೋಶದ ಪೊರೆ ಕೊಬ್ಬಿನದು. ಸೋಪಿನ ಅಂಶ ಒಂದು ಚೂರು ಉಳಿದರೂ ಪೊರೆ ಕರಗುತ್ತದೆ. ಅವರಿಗೆ ಪೊರೆಯ ಕಥೆ ಹೇಳಲಿಲ್ಲ. ಬರೀ ನೀರಲ್ಲಿ ತೊಳೀರಿ, ಸೋಪು ಬೇಡ, ಪುಡಿ ಬೇಡ ಅಂದೆ. "ಆಯ್ತು ಬುಡಿ" ಅಂದರು. ಆಮೇಲೆ ಒಂದೆರಡು ಸಲ ಸಿಂಕಿನ ಹತ್ತಿರ ಹೋಗಿ ನೋಡಿದೆ. ವಿಮ್ ಇರಲಿಲ್ಲ, ಸರ್ಫ್ ಇರಲಿಲ್ಲ. ಗಾಜು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಂಬಿದೆ.

ಒಂದು ಸಲ ಮಾತ್ರ ಗೆರೆ ನಿಂತಿತ್ತು. ಅಕ್ಕ ನೆಂಟರ ಮನೆಯ ಮದುವೆಗೆ ಹೋದವರು ಬೀಗರೂಟ ಮುಗಿಸಿಕೊಂಡೇ ಬರುತ್ತೇನೆಂದು ಆ ವಾರ ಪೂರ್ತಿ ರಜೆ ಹಾಕಿದ್ದರು; ಬಟ್ಟಲು, ಬಲೆ ನಾನೇ ನೀರಲ್ಲಿ ತೊಳೆದುಕೊಳ್ಳುತ್ತಿದ್ದೆ. ವಾರದ ಕೊನೆಗೆ ಒಂದು ಸ್ಲೈಸ್ ಮಧ್ಯಾಹ್ನ ದಾಟಿಯೂ ಜೀವ ಹಿಡಿದಿತ್ತು. ಆ ವಾರ ನೀರಿನ ಹೊಸ ಕ್ಯಾನು ತೆರೆದಿದ್ದೆ. ಓಹೋ ನೀರೇ ಅಂತ ತೀರ್ಮಾನಿಸಿ ಅದೇ ಕಡೆಯಿಂದ ಇನ್ನಷ್ಟು ಕ್ಯಾನು ತರಿಸಿದೆ. ಮುಂದಿನ ವಾರ ಮತ್ತೆ ಅದೇ ಹಾಡು. ಆಗ ನಿಜವಾಗಿ ಹೆದರಿಕೆಯಾಯಿತು. ಕಾರಣ ಗೊತ್ತಿಲ್ಲದೆ ಸೋಲುವುದು ಹೋಗಲಿ, ಕಾರಣ ಗೊತ್ತಿಲ್ಲದೆ ಗೆಲ್ಲುವುದು ಅದಕ್ಕಿಂತ ಕೆಟ್ಟದ್ದು.

ಪಿತೃಪಕ್ಷ ಕಳೆಯಿತು. ಮನೆಮನೆಗಳಲ್ಲಿ ಹಿರಿಯರಿಗೆ ಎಡೆ ಇಟ್ಟು ಮುಗಿಸಿದ್ದರು. ಊರಿಂದ ಅಣ್ಣ ಬಾ ಅಂದಿದ್ದ, ಹೋಗಲಿಲ್ಲ. ಗೈಡ್ ಫೋನು ಮಾಡಿ, ದೀಪಾವಳಿ ಮುಗಿದ ವಾರ ಟೆಂಪೋ ಕಳಿಸುತ್ತೇನೆ, ಪ್ಯಾಕ್ ಮಾಡಲು ಹುಡುಗರೂ ಬರುತ್ತಾರೆ ಅಂದರು. ದನಿಯಲ್ಲಿ ಬೇಸರವಿತ್ತು, ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸ್ವಲ್ಪ ಸಲೀಸಾಗುತ್ತಿತ್ತು. "ಪರ್ವಾಗಿಲ್ಲಮ್ಮ, ಎಲ್ಲಾ ಕಡೆ ಎಲ್ಲಾ ಆಗಲ್ಲ" ಅಂದರು. ಆ ಮಾತನ್ನು ನಾನು ಹುಟ್ಟಿದಾಗಿನಿಂದ ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ.

ಆಮೇಲೊಂದು ದಿನ ಗೆರೆ ಹನ್ನೊಂದು ಗಂಟೆಗೇ ಬಿದ್ದುಹೋಯಿತು. ಎದ್ದು ಪಂಪ್ ಆರಿಸಿದೆ. ಬಾಗಿಲು ತೆಗೆದು, ಡಬ್ಬಿ ಹಿಡಿದುಕೊಂಡು ಹಿಂದಿನ ವರಾಂಡಕ್ಕೆ ಹೋದೆ. ಅಷ್ಟು ತಿಂಗಳಿನಲ್ಲಿ ಮೊದಲ ಸಲ. ಅಲ್ಲಿ ಅಕ್ಕ ಕಾಲು ಚಾಚಿಕೊಂಡು ಕೂತು, ಮಗ್ಗುಲಲ್ಲಿ ಮೊರದಂಥ ಮುಚ್ಚಳ ಇಟ್ಟುಕೊಂಡು ಮುದ್ದೆ ಮುರಿಯುತ್ತಿದ್ದರು.

"ಏನು, ಮೇಡಮ್ಮೋರು ಇವತ್ತು ಬಿಸ್ಲು ಕಂಡವ್ರೆ."

"ಇವತ್ತು ಆಗ್ಲಿಲ್ಲ ಅಕ್ಕ."

"ಯಾವತ್ತಾಗಿತ್ತು ಬುಡಿ."

ನಗು ಬಂತು. ಅಷ್ಟು ನೇರವಾಗಿ ನನ್ನ ಸೋಲನ್ನು ಬೆಂಗಳೂರಿನವರು ಯಾರೂ ಹೇಳಿರಲಿಲ್ಲ. ಪಕ್ಕದಲ್ಲಿ ಕೂತೆ. ಅವರು ಕೇಳದೆಯೇ ಅರ್ಧ ಮುದ್ದೆ ಮುರಿದು ನನ್ನ ಡಬ್ಬಿಗೆ ಹಾಕಿ ಬಸ್ಸಾರು ಸುರಿದರು. "ತಿನ್ನಿ, ಆ ಮೊಸ್ರನ್ನ ತಿಂದು ತಿಂದೇ ನಿಮ್ಗೆ ಸಕ್ತಿ ಇಲ್ದಂಗಾಗಿರದು. ಮುಖ ನೋಡ್ಕಂಡಿದ್ದೀರಾ? ತಲೆ ನೋಡ್ಕಂಡಿದ್ದೀರಾ? ತೆಂಗಿನ ನಾರು ಆಗೋಗದೆ."

"ಕೂದಲು ಉದುರ್ತಿದೆ ಅಕ್ಕ."

"ಉದುರ್ದೆ ಇನ್ನೇನು, ಆ ಸ್ಯಾಂಪು ಗೀಂಪು ಆಕ್ಕಂಡು. ಸನಿವಾರ ಅಳ್ಳೆಣ್ಣೆ ಅಚ್ಕಂಡು ಸೀಗೆಪುಡಿಲಿ ಉಜ್ಜಿ. ನಂತಾವೇ ಅದೆ, ಕೊಡ್ತೀನಿ. ಮಿಲ್ಲಲ್ಲಿ ಬೀಸ್ಸಿದ್ದು, ಮೆಂತ್ಯ ಗಿಂತ್ಯ ಏನೂ ಬೆರೆಸಿಲ್ಲ. ನಿಮ್ ಬಟ್ಲು ತಿಕ್ಕಕೆ ಅಂತ ಮನೆಯಿಂದ ತಂದು ಮಡಗಿವ್ನಿ."

ತುತ್ತು ಕೈಯಲ್ಲೇ ಇತ್ತು. "ಯಾವ ಬಟ್ಲು?"

"ಅದೇ ನಿಮ್ ಇಲಿ ಬಟ್ಲು. ಆ ಬಲೆ, ಆ ಪೈಪು. ಬರೀ ನೀರಲ್ಲಿ ತೊಳೀರಿ ಅಂದ್ರಲ್ಲ, ಮಿದ್ಳಿನ ಜಿಡ್ಡು ಬರೀ ನೀರ್ಗೆ ಓದದಾ? ನಿಮ್ ಕೆಲ್ಸ ಬಟ್ಲಲ್ಲಿ ಕೊಳೆ ಉಳ್ಕಂಡು ಕೆಟ್ಟೋಯ್ತದೆ ಅಂತ ದಿನಾ ಸೀಗೆಪುಡಿ ನೆನ್ಸಿ, ಬಲೆ ಮ್ಯಾಲೆ ಮೆತ್ತಿ, ನಿಧಾನಕ್ಕೆ ತಿಕ್ತಿದ್ದೆ."

ಸೀಗೆ ನೊರೆ ಬರುವುದು ಅದರಲ್ಲಿರುವ ಸಪೋನಿನ್‌ನಿಂದ. ಪಿಎಚ್‌.ಡಿ. ಕಾಲದಲ್ಲಿ ನಾನು ಅದೇ ಸಪೋನಿನ್ನನ್ನು ಬಾಟಲಿಯಲ್ಲಿ ತರಿಸಿ ಬಳಸಿದ್ದೇನೆ. ಕೋಶದೊಳಗಿನ ಪ್ರೋಟೀನಿಗೆ ಬಣ್ಣ ಹತ್ತಿಸಬೇಕೆಂದರೆ ಮೊದಲು ಪೊರೆಯಲ್ಲಿ ತೂತು ಮಾಡಬೇಕು. ತೂತು ಮಾಡಲು ಅದಕ್ಕಿಂತ ನಾಜೂಕಿನ ವಸ್ತು ಇಲ್ಲ. ಸತ್ತ ಕೋಶಕ್ಕೆ ಹಾಕುವುದು ಅದು. ಇಲ್ಲಿ ಅದು ಬಲೆಯ ಎಳೆಗಳಲ್ಲಿ, ಟ್ಯೂಬಿನ ಒಳಗೋಡೆಯಲ್ಲಿ ಕೂತು, ದಿನಾ ಬದುಕಿರುವ ಸ್ಲೈಸಿನ ಮೇಲೆ ಸ್ವಲ್ಪ ಸ್ವಲ್ಪವೇ ಹರಿಯುತ್ತಿತ್ತು.

"ಯಾವತ್ತಿಂದ ಅಕ್ಕ?"

"ಮೊದ್ಲಿಂದ್ಲೂವೆ. ಸೋಪು ಮಾತ್ರ ಮುಟ್ಸಿಲ್ಲ ಕಣಿ. ಮುಟ್ಸಿದ್ರೆ ನನ್ ಕೈ ಬಿದ್ದೋಗ್ಲಿ."

"ಇದೂ ಸೋಪಿನ ಥರಾನೇ ಅಕ್ಕ. ಪುಡಿ ಬೇಡ ಅಂದಿದ್ದೆ."

"ಪುಡಿ ಅಂದ್ರೆ ಪಾತ್ರೆ ಪೌಡ್ರು ಅಂದ್ಕಂಡೆ. ಇದು ಗಿಡದ ಕಾಯಿ. ಉಟ್ಟಿದ್ ಕೂಸಿನ ತಲೆಗೂ ಆಕ್ತೀವಿ."

ಕೂಸಿನ ತಲೆಗೆ ಹಾಕಬಹುದು, ಚರ್ಮವಿದೆ. ಇಲ್ಲಿ ಚರ್ಮವಿಲ್ಲದ ಬೆತ್ತಲೆ ಮಿದುಳು. ನನಗೆ ತಿಳಿದಷ್ಟು ಸರಳವಾಗಿ ಹೇಳಿದೆ. ಬೈಯಲಿಲ್ಲ. ಬೈಯುವ ಮನಸ್ಸೂ ಇರಲಿಲ್ಲ. ಒಳಗೆ ಎಂಥದೋ ಹಗುರವಾಗುತ್ತಿತ್ತು, ಕಾರಣ ಸಿಕ್ಕಿತ್ತು. ಅವರ ಮುಖ ಹೇಗಾಗುತ್ತಿದೆ ಎಂದು ಆಗ ನಾನು ನೋಡಲಿಲ್ಲ. ಹೇಳಿ ಮುಗಿಸಿದ ಮೇಲೆ ನೋಡಿದೆ. ಅವರು ಊಟ ನಿಲ್ಲಿಸಿದ್ದರು.

"ಅಂಗಾರೆ ಇಷ್ಟು ದಿವ್ಸ ಕುಯ್ದ ಇಲಿಗೋಳು?" ಅಂದರು.

ನಾನು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ವಾಪಸ್ ಇಟ್ಟೆ.

"ಅಷ್ಟೂವೆ ನನ್ ಕೈಯಿಂದ್ಲೇ ದಂಡಕ್ಕೋದೋ ಅನ್ನಿ."

"ಹಂಗಲ್ಲ ಅಕ್ಕ. ಕುಯ್ದಿದ್ದು ನಾನು. ನಿಮ್ಗೆ ಹೇಗೆ ಗೊತ್ತಾಗ್ಬೇಕು."

"ಗೊತ್ತಿಲ್ದೆ ಮಾಡುದ್ರೂ ಓದ್ ಜೀವ ಬತ್ತದಾ?" ಅಂದು ಎದ್ದು, ಮಿಕ್ಕ ಮುದ್ದೆಯನ್ನು ಮುಚ್ಚಳದ ಸಮೇತ ತೆಗೆದುಕೊಂಡು ನಲ್ಲಿಯ ಕಡೆ ಹೋದರು.

ಮಾರನೇ ದಿನದಿಂದ ಕೆಲಸಕ್ಕೆ ಬಿದ್ದೆ. ಗಾಜೆಲ್ಲ ಹೊಸದು, ಟ್ಯೂಬೆಲ್ಲ ಹೊಸದು. ಬಲೆ ಮಾತ್ರ ಹೊಸದು ಮಾಡುವುದು ಕಷ್ಟವಾಯಿತು. ಸ್ಲೈಸ್ ಕೂರಿಸಲು ಎಲ್ಲಕ್ಕಿಂತ ಒಳ್ಳೆಯದು ಹೆಂಗಸರು ಹಾಕುವ ತೆಳುವಾದ ನೈಲಾನ್ ಸ್ಟಾಕಿಂಗು. ಅದನ್ನು ಎಳೆದು ಚೌಕಟ್ಟಿಗೆ ಅಂಟಿಸುತ್ತೇವೆ. ಮಂಡ್ಯದ ಬಟ್ಟೆ ಅಂಗಡಿಯಾತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದ್ನೆಲ್ಲ ಇಲ್ಲಿ ಯಾರ್ ಹಾಕ್ತಾರೆ ಮೇಡಂ, ಬೆಂಗ್ಳೂರಿಗೆ ಹೋಗಿ" ಅಂದ. ಕೊನೆಗೆ ಸ್ಕೂಲ್ ಡೇ ಡ್ಯಾನ್ಸಿಗೆ ಉಡುಪು ಬಾಡಿಗೆ ಕೊಡುವ ಅಂಗಡಿಯಲ್ಲಿ ಸಿಕ್ಕಿತು, ಮೈಬಣ್ಣದ್ದು, ಮಕ್ಕಳ ಅಳತೆಯದು. ಅಂಗಡಿಯಾಕೆ ಯಾವ ಪಾತ್ರ ಅಂತ ಕೇಳಿದಳು. ಇಲಿ ಅಂದೆ. ಬಾಲ ಬೇಕಾ ಅಂದಳು.

ಸಂದೇಹ ಉಳಿಯಬಾರದೆಂದು ಒಂದೇ ಇಲಿಯ ಹೋಳುಗಳನ್ನು ಎರಡು ಪಾಲು ಮಾಡಿದೆ. ಒಂದು ಪಾಲು ಹೊಸ ಬಲೆಯ ಮೇಲೆ, ಇನ್ನೊಂದು ಸೀಗೆಯಲ್ಲಿ ತಿಕ್ಕಿದ ಹಳೆಯದರ ಮೇಲೆ. ಹಳೆಯದರದ್ದು ಎಂದಿನಂತೆ ಜಾರಿತು. ಹೊಸದರದ್ದು ಜಾರಲಿಲ್ಲ.

ಈ ನಡುವೆ ಸುದ್ದಿ ಹೇಗೋ ಹೊರಗೆ ಹೋಗಿತ್ತು. ನಾನು ವಿಭಾಗದ ಮುಖ್ಯಸ್ಥರಿಗೆ ಒಬ್ಬರಿಗೇ ಹೇಳಿದ್ದೆ, ಟ್ಯೂಬಿನ ಬಿಲ್ಲಿಗೆ ಸಹಿ ಬೇಕಿತ್ತು, ಕಾರಣ ಕೇಳಿದರು, ಹೇಳಿದೆ. ಎರಡು ದಿನದಲ್ಲಿ ಮೆಟ್ಟಿಲ ಬಳಿ ಆಫೀಸಿನ ಗುಮಾಸ್ತ ಅಕ್ಕನನ್ನು ನೋಡಿ ಕೂಗುತ್ತಿದ್ದುದು ಕೇಳಿಸಿತು: "ಏನ್ ಸೀಗೆಪುಡಿ ಸೈಂಟಿಸ್ಟು, ನಮ್ ಆಫೀಸ್ ಕಂಪ್ಯೂಟ್ರಿಗೂ ಒಸಿ ಎಣ್ಣೆ ಸ್ನಾನ ಮಾಡ್ಸಮ್ಮ." ಸುತ್ತ ಇದ್ದವರು ನಕ್ಕರು. ಬೇರೆ ದಿನವಾಗಿದ್ದರೆ ಅಕ್ಕ ಅವನ ಹುಟ್ಟು ಜಾಲಾಡಿಬಿಡುತ್ತಿದ್ದರು. ಅವತ್ತು ಬಕೀಟು ಎತ್ತಿಕೊಂಡು ಮೆಟ್ಟಿಲು ಇಳಿದರು. ನಾನು ಗುಮಾಸ್ತನಿಗೆ ಎರಡು ಮಾತು ಅಂದೆ. "ತಮಾಷೆಗೆ ಮೇಡಂ" ಅಂದ. ಅದರಿಂದ ಏನೂ ಸರಿಹೋಗಲಿಲ್ಲ.

ಅದರ ಮಾರನೇ ದಿನ ನಮ್ಮ ಮಹಡಿಗೆ ಬೇರೆ ಹೆಂಗಸು ಬಂದಳು. ಅಕ್ಕ ತಾವೇ ಸೂಪರ್‌ವೈಸರನ್ನು ಕೇಳಿ ಕೆಳಗಿನ ಮಹಡಿಗೆ ಬದಲಾಯಿಸಿಕೊಂಡಿದ್ದರು. ಕೆಳಗೆ ಹೋಗಿ ಮಾತಾಡಿಸಿದೆ. ನನ್ನಿಂದ ಏನಾದರೂ ತಪ್ಪಾಯಿತೇ ಎಂದೆ. "ನಿಮ್ದೇನು ತಪ್ಪು, ನೀವು ಇದ್ದಿದ್ ಏಳುದ್ರಿ. ಆ ರೂಮ್ಗೆ ಕಾಲಿಡಕೆ ನಂಗೇ ಮನ್ಸಿಲ್ಲ" ಅಂದರು. ಮುಖ ಗಂಟಿಕ್ಕಿರಲಿಲ್ಲ. ಆದರೆ ತಲೆಯ ಬಗ್ಗೆ, ಮುಖದ ಬಗ್ಗೆ, ಊಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೊಸಬಳು ಹೇಳಿದ್ದಷ್ಟು ಮಾಡಿ ಹೋಗುತ್ತಿದ್ದಳು. ಬಟ್ಟಲು, ಬಲೆ, ಟ್ಯೂಬು ನಾನೇ ತೊಳೆಯಲು ಶುರುಮಾಡಿದೆ, ಡಿಸ್ಟಿಲ್ಡ್ ವಾಟರಿನಲ್ಲಿ, ಬರಿಗೈಯಲ್ಲಿ.

ದೀಪಾವಳಿಗೆ ಕಾಲೇಜು ರಜೆ. ಕಟ್ಟಡದಲ್ಲಿ ವಾಚ್‌ಮನ್ ಬಿಟ್ಟರೆ ನಾನು. ಊರಿಗೆ ಬರಲಾಗುವುದಿಲ್ಲ ಎಂದು ಅವ್ವನಿಗೆ ಫೋನು ಮಾಡಿ ಹೇಳಿದ್ದೆ. ಅವ್ವ "ಎಣ್ಣೆನಾರ ಅಚ್ಕೊ" ಅಂದಿದ್ದಳು. ಬೆಳಿಗ್ಗೆ ಸೀಳಿ, ಸ್ಲೈಸ್ ಕೂರಿಸಿ, ಗೆರೆ ಸಮನಾಗುವವರೆಗೆ ಕಾದು ಸಂಕೇತ ಕೊಟ್ಟೆ. ಗೆರೆ ಎದ್ದಿತು. ಎದ್ದು, ಅಲ್ಲೇ ನಿಂತಿತು. ಪಕ್ಕದ, ಸಂಕೇತ ಕೊಡದ ಗೆರೆ ತನ್ನ ಪಾಡಿಗೆ ತಾನು ಸಪಾಟಾಗಿ ಹೋಗುತ್ತಿತ್ತು. ಹೊರಗೆ ಎಲ್ಲೆಲ್ಲೋ ಪಟಾಕಿ ಸಿಡಿಯುತ್ತಿದ್ದವು. ಒಂದೊಂದು ಸದ್ದಿಗೂ ನಾನು ಮೇಜಿನ ಕಡೆ ನೋಡುತ್ತಿದ್ದೆ. ಮೇಜು ಅಲುಗಲಿಲ್ಲ. ಸಂಜೆಯ ತನಕ ಕೂತೆ. ಆ ಎರಡು ಗೆರೆಗಳ ನಡುವಿನ ಖಾಲಿ ಜಾಗ ಇದೆಯಲ್ಲ, ಅದೇ ನನ್ನ ಇಷ್ಟು ವರ್ಷದ ವಿದ್ಯೆ. ತಿರುಗಿ ನೋಡಿದರೆ "ನೋಡು" ಅನ್ನಲು ಕೋಣೆಯಲ್ಲಿ ಯಾರೂ ಇರಲಿಲ್ಲ.

ಫೈಲು ಗೈಡ್‌ಗೆ ಕಳಿಸಿದೆ. ಅವರು ಕೂಡಲೇ ನೋಡಿದರೆಂದು ಕಾಣುತ್ತದೆ. ಫೋನು ಬಂತು. ಸುತ್ತ ಮೊಮ್ಮಕ್ಕಳ ಗಲಾಟೆ. "ಇನ್ನೊಂದು ನಾಲ್ಕೈದು ಹೀಗೇ ಬರ್ಲಿ. ಟೆಂಪೋ ಬೇಡ ಅಂತ ಹೇಳ್ತೀನಿ" ಅಂದರು. ಆಮೇಲೆ, "ಕಾರಣ ಏನಿತ್ತಮ್ಮ?" ಎಂದು ಕೇಳಿದರು.

"ತೊಳೆಯೋದ್ರಲ್ಲಿ ಸಾರ್" ಅಂದೆ. ಅದಕ್ಕಿಂತ ಹೆಚ್ಚು ಹೇಳಲು ಮನಸ್ಸು ಬರಲಿಲ್ಲ. ಸೀಗೆಪುಡಿಯ ಕಥೆ ಅಲ್ಲಿನ ಕಾರಿಡಾರಿಗೆ ಹೋದರೆ ಅವರೆಲ್ಲ ಇಷ್ಟಪಟ್ಟು ನಗುತ್ತಾರೆಂದು ಗೊತ್ತಿತ್ತು.

ಕಾಲೇಜು ತೆರೆದ ದಿನ ಕೆಳಗಿನ ಮಹಡಿಗೆ ಹೋದೆ. ಅಕ್ಕ ನೋಟಿಸ್ ಬೋರ್ಡಿನ ಗಾಜು ಒರೆಸುತ್ತಿದ್ದರು, ಹಬ್ಬದ ಹೊಸ ಸೀರೆಯ ಮೇಲೆ ಯೂನಿಫಾರ್ಮಿನ ಕೋಟು.

"ಅಕ್ಕ, ನಿಂತ್ಕೊತು."

"ಏನು ನಿಂತ್ಕೊತು?"

"ನನ್ನ ಕೆಲಸ. ಮಿಷನ್ ವಾಪಸ್ ಹೋಗಲ್ಲ, ಇಲ್ಲೇ ಇರುತ್ತೆ."

ಅವರು ಬಟ್ಟೆ ಹಿಂಡಿದರು. "ಒಳ್ಳೇದಾಯ್ತು ಬುಡಿ. ಅಷ್ಟ್ ಓದ್ದೋರು" ಅಂದರು. ಗಾಜಿನ ಮೂಲೆ ಒರೆಸಿದರು. ನಾನು ನಿಂತೇ ಇದ್ದುದನ್ನು ನೋಡಿ ಮತ್ತೆ ತಿರುಗಿದರು.

"ಅಂಗಾರೆ ಇನ್ನೂ ಕುಯ್ತೀರಿ ಅನ್ನಿ."

"ಕುಯ್ಬೇಕು ಅಕ್ಕ."

"ಊಂ" ಅಂದು, ಬಕೀಟು ಎತ್ತಿ ಮುಂದಿನ ಬೋರ್ಡಿನ ಹತ್ತಿರ ಇಟ್ಟುಕೊಂಡರು. ನಾನು ಮೇಲಕ್ಕೆ ಹತ್ತಿದೆ. ಬಾಗಿಲು ತೆಗೆದೆ, ಸಿಲಿಂಡರ್ ತಿರುಗಿಸಿದೆ, ಗುಳ್ಳೆಗಳು ಏಳತೊಡಗಿದವು. ಆ ದಿನದ ಗೆರೆಯೂ ಜಾರದೆ ನಿಂತಿತು.